ಬೆಕ್ಕಿನ ಕ್ಯಾಲಿಸಿವೈರಸ್: ತಳಿ ಗುರುತಿಸುವುದು ಹೇಗೆ?

ಲಸಿಕೆ ಹಾಕಿಸಿದ ಬೆಕ್ಕಿಗೂ ಸೀನು, ಬಾಯಿಹುಣ್ಣು ಬರುವುದುಂಟು. ಕ್ಯಾಲಿಸಿವೈರಸ್ಸಿನ ಹೊರಕವಚದ ವಿಪಿ1 ಪ್ರೋಟೀನಿನಲ್ಲಿ ಪ್ರತಿಕಾಯಗಳು ಅಂಟಿಕೊಳ್ಳುವ ಜಾಗವೇ ಹೆಚ್ಚು ಬದಲಾಗುತ್ತದೆ. ಹಳೆಯ ಲಸಿಕೆ ತಳಿ ಎಫ್9ಕ್ಕೂ ಈಗ ಸಿಕ್ಕ ವೈರಸ್ಸಿಗೂ ಇರುವ ಅಂತರವನ್ನು ಪ್ರಯೋಗಾಲಯದ ತಟಸ್ಥೀಕರಣ ಪರೀಕ್ಷೆ, ಅಂದರೆ ಪ್ರತಿಕಾಯಗಳು ವೈರಸ್ಸನ್ನು ಎಷ್ಟರಮಟ್ಟಿಗೆ ತಡೆಯುತ್ತವೆ ಎಂದು ನೋಡುವ ಪರೀಕ್ಷೆ, ಅಳೆಯುತ್ತದೆ.

ಗಂಟಲಿನ ಸ್ವಾಬ್‌ನಲ್ಲಿರುವ ವೈರಸ್ಸನ್ನು ಬೆಕ್ಕಿನ ಮೂತ್ರಪಿಂಡದ ಸಿಆರ್‌ಎಫ್‌ಕೆ ಕೋಶಗಳಲ್ಲಿ ಬೆಳೆಸಿ. ಜೊತೆಗೆ ಹರ್ಪಿಸ್‌ವೈರಸ್ಸೂ ಬಂದಿರಬಹುದು. ಕ್ಲೋರೊಫಾರ್ಮ್ ಬೆರೆಸಿದರೆ ಕೊಬ್ಬಿನ ಪೊರೆಯುಳ್ಳ ಹರ್ಪಿಸ್ ಸಾಯುತ್ತದೆ, ಪೊರೆಯಿಲ್ಲದ ಕ್ಯಾಲಿಸಿ ಉಳಿಯುತ್ತದೆ. ನಂತರ ಒಂಟಿ ಪ್ಲಾಕ್ (ವೈರಸ್ ಕೋಶಗಳನ್ನು ಕೊಂದು ಕೋಶಪದರದಲ್ಲಿ ಮಾಡಿದ ಖಾಲಿ ಚುಕ್ಕೆ) ಆರಿಸಿ ಮೂರು ಸಲ ಶುದ್ಧಗೊಳಿಸಿ. ಒಂದೇ ಬೆಕ್ಕಿನಲ್ಲಿ ಹಲವು ರೂಪಾಂತರಗಳಿರುತ್ತವೆ. ಶುದ್ಧಗೊಳಿಸದಿದ್ದರೆ ಪ್ರತಿಕಾಯಕ್ಕೆ ಸಿಗದ ರೂಪ ಬೆಳೆದು ಫಲಿತಾಂಶ ಕೆಡುತ್ತದೆ.

ಪ್ರತಿಕಾಯಗಳಿರುವ ಸೀರಂ (ರಕ್ತದ ತಿಳಿ ದ್ರವ) ಅನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡಿ. 96 ಗುಳಿಗಳ ಪ್ಲೇಟಿನಲ್ಲಿ 1:10ರಿಂದ 1:1280ರವರೆಗೆ ಇಮ್ಮಡಿಯಾಗಿ ತೆಳುಮಾಡುತ್ತ, ಗುಳಿಗೆ 50 ಮೈಕ್ರೊಲೀಟರ್ ಹಾಕಿ. ಅಷ್ಟೇ ಪ್ರಮಾಣದಲ್ಲಿ 100 ಟಿಸಿಐಡಿ50 (ಒಂದು ಟಿಸಿಐಡಿ50 ಎಂದರೆ ಅರ್ಧದಷ್ಟು ಗುಳಿಗಳಿಗೆ ಸೋಂಕು ತಗುಲಿಸುವ ಪ್ರಮಾಣ) ವೈರಸ್ ಸೇರಿಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟು ಕೋಶಗಳನ್ನು ಹಾಕಿ. ಎರಡು–ಮೂರು ದಿನಗಳಲ್ಲಿ ಸೋಂಕು ತಗುಲಿದ ಕೋಶಗಳು ದುಂಡಗಾಗಿ, ತಳ ಬಿಟ್ಟು ತೇಲುತ್ತವೆ. ಕೋಶಪದರ ಹಾಳಾಗದೆ ಉಳಿದ ಕೊನೆಯ ಗುಳಿಯಲ್ಲಿ ಸೀರಂ ಎಷ್ಟು ಪಟ್ಟು ತೆಳುವಾಗಿತ್ತೋ ಅದೇ ಟೈಟರ್ (1:640 ಆದರೆ 640).

ಹೆಚ್ಚಿನವರು ಎಡವುವುದು ವೈರಸ್ ಪ್ರಮಾಣದಲ್ಲಿ. ವೈರಸ್ ಹೆಚ್ಚಾದರೆ ಟೈಟರ್ ಸುಳ್ಳಾಗಿ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಹಾಗಾಗಿ ಬಳಸಿದ ವೈರಸ್ಸನ್ನು ಅದೇ ದಿನ ಮತ್ತೆ ಅಳೆಯಿರಿ. ಅದು 30ರಿಂದ 300 ಟಿಸಿಐಡಿ50ರ ಹೊರಗಿದ್ದರೆ ಆ ಪ್ಲೇಟನ್ನು ಮುಲಾಜಿಲ್ಲದೆ ಕೈಬಿಡಿ. ಸೀರಂ ಮಾತ್ರ ಇರುವ ಗುಳಿ, ಬರೀ ಕೋಶಗಳ ಗುಳಿ ಎರಡೂ ಇರಲೇಬೇಕು.

ಹೋಲಿಕೆ ಎರಡೂ ದಿಕ್ಕಿನಿಂದ ಆಗಬೇಕು. ‘ಅ’ ತಳಿಯ ಸೀರಂ (ಆ ತಳಿಯ ವಿರುದ್ಧ ಪ್ರತಿಕಾಯ ಬೆಳೆದ ಸೀರಂ) ‘ಅ’ ವಿರುದ್ಧ 640, ‘ಬ’ ವಿರುದ್ಧ 40 ಕೊಟ್ಟಿತೆನ್ನಿ. ‘ಬ’ ಸೀರಂ ‘ಬ’ ವಿರುದ್ಧ 320, ‘ಅ’ ವಿರುದ್ಧ 80. ಆಗ 40/640 ಮತ್ತು 80/320ರ ಗುಣಲಬ್ಧದ ವರ್ಗಮೂಲ 0.125. ಪೂರ್ತಿ ಒಂದೇ ಆಗಿದ್ದರೆ 1 ಬರುತ್ತಿತ್ತು, ಇವೆರಡು ದೂರದವು. ಟೈಟರ್‌ನಲ್ಲಿ ಬರೀ ಎರಡು ಪಟ್ಟಿನ ವ್ಯತ್ಯಾಸ ಕಂಡರೆ ನೆಚ್ಚಬೇಡಿ, ಪರೀಕ್ಷೆಯ ಸಹಜ ಏರಿಳಿತವೇ ಅಷ್ಟಿರುತ್ತದೆ.

ಇನ್ನೂ ಸೂಕ್ಷ್ಮವಾಗಿ ನೋಡಲು ಮೊನೊಕ್ಲೋನಲ್ ಪ್ರತಿಕಾಯಗಳ (ಪ್ರತಿಯೊಂದೂ ವೈರಸ್ಸಿನ ಒಂದೇ ಜಾಗಕ್ಕೆ ಅಂಟುವಂಥವು) ಗುಂಪು ಬಳಸಿ, ಯಾವುದು ತಡೆಯಿತು, ಯಾವುದು ತಡೆಯಲಿಲ್ಲ ಎಂದು ಗುರುತುಹಾಕಿ. ಒಂದೇ ಪ್ರತಿಕಾಯ ಸೋತರೆ ಹೊಸ ತಳಿ ಎಂದು ಬರೆಯಬೇಡಿ. ಒಂದು ಅಮೈನೊ ಆಮ್ಲ ಬದಲಾದರೂ ಹಾಗಾಗಬಹುದು.