ಮಂಕು ಹಿಡಿದ ಹಳೇ ಬಾಟಲಿಗೆ ಹೊಳಪು: ತಾಮ್ರದ ಚೂರು, ನಿಧಾನದ ಡ್ರಮ್ಮು

ಮಣ್ಣಿನಿಂದ ತೆಗೆದ ಬಾಟಲಿಯ ಮಂಕು ಹೋಗುವುದಿಲ್ಲ, ಎಣ್ಣೆ ಸವರಿ ಕಪಾಟಿನಲ್ಲಿಟ್ಟುಬಿಡಿ ಅಂತ ಹಳಬರೆಲ್ಲ ಹೇಳುತ್ತಾರೆ. ನನಗೂ ಅದನ್ನೇ ಹೇಳಿದ್ದರು. ತಾಮ್ರದ ಚೂರು, ಉಜ್ಜುವ ಪುಡಿಯ ಜೊತೆ ಡ್ರಮ್ಮಿನಲ್ಲಿಟ್ಟು ಮೋಟಾರಿನಿಂದ ತಿರುಗಿಸಿದರೆ ಒಡೆದ ಗಾಜು ಬಾಚಿಕೊಳ್ಳಬೇಕಾಗುತ್ತದೆ ಅಂತ ನಕ್ಕವರೂ ಇದ್ದರು. ಈಗ ಹಾಗೆಯೇ ಸುಮಾರು ನಲವತ್ತು ಬಾಟಲಿ ಆಗಿವೆ. ಒಂದಕ್ಕೂ ಎಣ್ಣೆ ಇಲ್ಲ.

ಮಂಕು ಕೊಳೆಯಲ್ಲ ಅನ್ನುವುದು ಮೊದಲು ತಲೆಗೆ ಹೋಗಬೇಕು. ಮಣ್ಣಿನ ತೇವ ಗಾಜಿನೊಳಗಿನ ಕ್ಷಾರವನ್ನು ಎಳೆದುಕೊಂಡು, ಮೇಲ್ಪದರವನ್ನು ಟೊಳ್ಳು ಮಾಡಿರುತ್ತದೆ. ಕಾಮನಬಿಲ್ಲಿನ ಬಣ್ಣ ಕಾಣುವುದೂ ಆ ತೆಳುಪದರಗಳಿಂದಲೇ. ಹಾಗಾಗಿ ವಿನೆಗರ್ರು, ಸಿಟ್ರಿಕ್ ಆಮ್ಲ ಸುಣ್ಣದ ಕಟ್ಟನ್ನೂ ತುಕ್ಕಿನ ಕಲೆಯನ್ನೂ ಬಿಡಿಸುತ್ತವೆ, ಅಷ್ಟೇ. ಒಂದೆರಡು ದಿನ ನೆನೆಸಿ, ತೊಳೆದು, ಒಣಗಿಸಿದ ಮೇಲೂ ಬಿಳಿಚು ಉಳಿದಿದ್ದರೆ ಗಾಜನ್ನೇ ಸವೆಸಬೇಕು, ಬೇರೆ ದಾರಿಯಿಲ್ಲ. ಹೈಡ್ರೋಫ್ಲೋರಿಕ್ ಆಮ್ಲದ ಹೆಸರು ಯಾರಾದರೂ ಎತ್ತಿದರೆ ಅಲ್ಲಿಂದ ಎದ್ದು ಬನ್ನಿ. ಅದು ಚರ್ಮ ದಾಟಿ ಮೂಳೆಗೆ ಇಳಿಯುವ ವಿಷ, ಮನೆಯಲ್ಲಿಡುವ ವಸ್ತುವಲ್ಲ.

ಸವೆಸುವ ವಸ್ತುವಿನಲ್ಲೇ ನಾನು ಹೆಚ್ಚು ಸೋತದ್ದು. ಮರಳು ಹಾಕಿದೆ, ಬಾಟಲಿಯ ಒಳಗೆಲ್ಲ ಗೀರು ಬಿದ್ದು ಮೊದಲಿಗಿಂತ ಬೆಳ್ಳಗಾಯಿತು. ಅಕ್ಕಿ ಊದಿಕೊಂಡು ಕತ್ತಿನಲ್ಲಿ ಕೂತುಬಿಟ್ಟಿತು, ತಂತಿ ಹಾಕಿ ಕೆರೆಯಲು ಅರ್ಧ ದಿನ ಬೇಕಾಯಿತು. ಉಕ್ಕಿನ ಗುಂಡು ಬೂದು ಗೆರೆ ಎಳೆದು, ಮೇಲೆ ತುಕ್ಕನ್ನೂ ಬಿಟ್ಟುಹೋಯಿತು. ಕೊನೆಗೆ ನಿಂತದ್ದು ತಾಮ್ರ. ಅದು ಗಾಜಿಗಿಂತ ಮೆದು. ತಾನು ಗೀರುವುದಿಲ್ಲ, ಜೊತೆಗೆ ಹಾಕುವ ಸವೆಸುವ ಪುಡಿಯನ್ನು ಹೊತ್ತು ಉಜ್ಜುತ್ತದೆ, ತೂಕವೂ ಇದೆ.

ಬರಿಯ ತಾಮ್ರದ ತಂತಿ, ಒಂದೂವರೆ ಮಿಲಿಮೀಟರ್ ದಪ್ಪದ್ದು, ಮೂರು ಮಿಲಿಮೀಟರ್ ಉದ್ದಕ್ಕೆ ತುಂಡರಿಸಿದ್ದು. ಖರ್ಚಿನ ಮುಕ್ಕಾಲು ಪಾಲು ಇದಕ್ಕೇ ಹೋಗುತ್ತದೆ. ಆರಿಂಚು ವ್ಯಾಸ, ಒಂದಡಿ ಉದ್ದದ ಪಿವಿಸಿ ಡ್ರಮ್ಮಿಗೆ ಬಾಟಲಿಯ ಹೊರಗಡೆಗೇ ಹತ್ತು ಕಿಲೋ ಬೇಕು. ಉಳಿಸಲು ಹೋಗಿ ಆರು ಕಿಲೋದಲ್ಲಿ ಓಡಿಸಿದೆ. ವಾರವಾದರೂ ಬಾಟಲಿಯ ಭುಜಕ್ಕೆ, ಅಂದರೆ ಕತ್ತಿನ ಕೆಳಗಿನ ಇಳಿಜಾರಿಗೆ, ಹೊಳಪು ಬರಲಿಲ್ಲ, ಕರೆಂಟು ದಂಡ. ಸಮಾಧಾನದ ವಿಷಯವೆಂದರೆ ತಾಮ್ರ ಬೇಗ ಸವೆಯುವುದಿಲ್ಲ. ಒಮ್ಮೆ ಕೊಂಡದ್ದನ್ನೇ ಇಂದಿಗೂ ತಿರುಗಿಸುತ್ತಿದ್ದೇನೆ. ಹೊಸದಾಗಿ ಕತ್ತರಿಸಿದ ಚೂರಿನ ತುದಿ ಚೂಪಾಗಿರುತ್ತದೆ. ಬಾಟಲಿ ಇಡದೆ, ನೀರು ಮತ್ತು ಸೋಪಿನ ಜೊತೆ ಒಂದು ದಿನ ಬರೀ ತಾಮ್ರವನ್ನೇ ತಿರುಗಿಸಿ, ಕಪ್ಪು ನೀರು ಚೆಲ್ಲಿ, ಆಮೇಲೆ ಬಾಟಲಿ ಹಾಕಬೇಕು. ಇದನ್ನು ಬಿಟ್ಟು ನಾನು ಒಳ್ಳೆಯ ಒಂದು ನೀಲಿ ಬಾಟಲಿಯ ಮೈಯೆಲ್ಲ ಕೆರೆಸಿದ್ದೇನೆ.

ಬಾಟಲಿಯ ಒಳಗೆ ಮೂರನೇ ಒಂದು ಭಾಗ ತಾಮ್ರ. ಮುನ್ನೂರು ಮಿಲಿಲೀಟರಿನದಕ್ಕೆ ಸುಮಾರು ಅರ್ಧ ಕಿಲೋ. ಡ್ರಮ್ಮಿನಲ್ಲಿ ಬಾಟಲಿ ನಟ್ಟನಡುವೆ ನಿಲ್ಲುವಂತೆ ತಳಕ್ಕೂ ಬಾಯಿಗೂ ರಬ್ಬರಿನ ಹಿಡಿತ ಕೊಟ್ಟು, ಹೊರಗೆ ಅರ್ಧಕ್ಕೆ ತಾಮ್ರ, ಅದರ ಮೇಲೆ ಒಂದು ಬೆರಳು ನೀರು. ನೀರು ಹೆಚ್ಚಾದರೆ ಪುಡಿ ತೆಳುವಾಗಿ ಕೆಲಸ ನಿಧಾನ, ಕಡಿಮೆಯಾದರೆ ತಾಮ್ರ ಕೆಸರಿನಂತೆ ಗಟ್ಟಿ ಕಟ್ಟುತ್ತದೆ. ಮೊದಲ ಸುತ್ತಿಗೆ ಗಾಜು ಸವೆಸುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ, ಹೊರಗೆ ನಾಲ್ಕು ಚಮಚ, ಒಳಗೆ ಒಂದು. ಕೊನೆಯ ಸುತ್ತಿಗೆ ಹೊಳಪು ಕೊಡುವ ಸೀರಿಯಂ ಆಕ್ಸೈಡ್ ಪುಡಿ. ಅದರ ಜೊತೆ ಇನ್ನೊಂದನ್ನು ಚಿಟಿಕೆ ಬೆರೆಸುತ್ತೇನೆ. ಏನು, ಎಷ್ಟು ಅಂತ ಹೇಳುವುದಿಲ್ಲ, ಅದಕ್ಕೆ ಎರಡು ವರ್ಷ ಹಿಡಿದಿದೆ. ಒಣಪುಡಿ ಮುಟ್ಟುವಾಗ ಮುಖಕ್ಕೆ ಮಾಸ್ಕ್ ಇರಲಿ.

ವೇಗವೇ ಈ ಕೆಲಸದ ಜೀವ. ನಿಮಿಷಕ್ಕೆ ಅರವತ್ತು ಸುತ್ತು ಹಾಕಿದಾಗ ತಾಮ್ರ ಮೇಲೆ ಹತ್ತಿ ಬಾಟಲಿಯ ಮೇಲೆ ಸುರಿಯತೊಡಗಿತು, ಮೂರು ಒಡೆದವು. ನಲವತ್ತರಲ್ಲಿ ಒಡೆಯಲಿಲ್ಲ, ಆದರೆ ಉಬ್ಬಕ್ಷರದ ಅಂಚು ಸವೆಯಿತು. ಇಪ್ಪತ್ತೈದರ ಆಸುಪಾಸಿಗೆ ಇಳಿಸಿದ ಮೇಲೆ ಎಲ್ಲ ಸರಿಹೋಯಿತು. ಕಿವಿಗೆ ಸರ್... ಸರ್... ಅಂತ ಜಾರುವ ಸದ್ದು ಕೇಳಬೇಕು. ಟಣಟಣ ಅಂದರೆ ತಕ್ಷಣ ನಿಲ್ಲಿಸಿ. ಬಾಟಲಿಯನ್ನು ತಾನೇ ತಯಾರಿಸುವ, 1903ರಲ್ಲಿ ಬಂದ ಓವೆನ್ಸ್ ಯಂತ್ರಕ್ಕಿಂತ ಹಿಂದಿನ ಕೈಕೆಲಸದ ಬಾಟಲಿಗಳಿಗಂತೂ ಇನ್ನೂ ನಿಧಾನ ಬೇಕು. ಅವುಗಳ ತಳ ಒಂದು ಕಡೆ ದಪ್ಪ, ಭುಜ ಇನ್ನೊಂದು ಕಡೆ ತೆಳು. ಹಾಕುವ ಮೊದಲು ಟಾರ್ಚ್ ಹಿಡಿದು ಕತ್ತಿನ ಬುಡ ನೋಡಿ. ಬೆಳಕಿಗೆ ಬೆಳ್ಳಿಯ ಹಾಗೆ ಮಿಂಚುವ ಸಣ್ಣ ಬಿರುಕಿದ್ದರೆ ಡ್ರಮ್ಮಿನಲ್ಲಿ ಅದು ಸೀಳಿಕೊಳ್ಳುವುದು ಗ್ಯಾರಂಟಿ.

ಹೊರಗೆ ಮೂರು ದಿನ, ಒಳಗೆ ಐದು ದಿನ. ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ, ಒಣಗಿಸಿ ನೋಡುತ್ತೇನೆ. ಒದ್ದೆ ಬಾಟಲಿಯನ್ನು ನಂಬಬೇಡಿ. ಕುಳಿಗಳಲ್ಲಿ ನೀರು ತುಂಬಿಕೊಂಡು ಮಂಕೆಲ್ಲ ಮಾಯವಾದಂತೆ ಕಾಣುತ್ತದೆ, ಒಣಗಿದ ಕೂಡಲೇ ಮತ್ತೆ ಹಾಜರು. ಎಣ್ಣೆ ಸವರಿ ಮಾರುವವರ ಕೈಚಳಕವೂ ಇದೇ. ಕೊಳ್ಳುವಾಗ ಒಳಗೆ ಬೆರಳು ತೂರಿಸಿ ನೋಡಿ, ಜಿಡ್ಡು ತಾಗಿದರೆ ಬೆಲೆ ಅರ್ಧಕ್ಕೆ ಇಳಿಸಿ. ನಾನು ಹಾಗೆ ಇಳಿಸಿದ್ದ ಒಂದೇ ಬಾಟಲಿ ಡ್ರಮ್ಮಿನಿಂದ ಹೊರಬಂದ ಮೇಲೆ ಕೊಟ್ಟದ್ದರ ನಾಲ್ಕು ಪಟ್ಟು ತಂದಿತು. ಬೆರಳು ತೂರಿಸುವ ಮಾತು ವಿಷದ ಬಾಟಲಿಗಳಿಗೆ ಅನ್ವಯಿಸುವುದಿಲ್ಲ. ಅವುಗಳಿಗೆ ಕೈಗವಸು ಬೇಕು, ಮೂಸಬಾರದು.

ಗೋಲಿ ಸೋಡಾ ಬಾಟಲಿ ಮಾತ್ರ ಇನ್ನೂ ಕಾಡುತ್ತದೆ. ಅದನ್ನು ರೂಪಿಸಿದ ಹೈರಮ್ ಕಾಡ್ ಕತ್ತಿನಲ್ಲಿ ಗೋಲಿ ನಿಲ್ಲಲು ಕೊಟ್ಟ ಆ ಅಮುಕಿದ ಜಾಗದಲ್ಲಿ ತಾಮ್ರದ ಚೂರು ಸಿಕ್ಕಿಕೊಳ್ಳುತ್ತದೆ. ಬೋರಲು ಹಿಡಿದು ಅಲುಗಿಸುತ್ತ ಕೂರಬೇಕು. ಅದಕ್ಕೆ ಈಗ ಹೊರಗಡೆ ಮಾತ್ರ ಮಾಡುತ್ತೇನೆ.

ನಡುವೆ ಬಿಸಿಲಿನ ಪ್ರಯೋಗವನ್ನೂ ಮಾಡಿದೆ. ಮ್ಯಾಂಗನೀಸ್ ಹಾಕಿ ಬಣ್ಣ ಕಳೆದ ಹಳೇ ಗಾಜು ಬಿಸಿಲಿಗೆ ನೇರಳೆಗೆ ತಿರುಗುತ್ತದೆ. ಒಂದೂವರೆ ವರ್ಷ ಕಿಟಕಿಯಲ್ಲಿಟ್ಟದ್ದಕ್ಕೆ ಬಂದದ್ದು ಬಿಳಿ ಕಾಗದದ ಮೇಲಿಟ್ಟರಷ್ಟೇ ತಿಳಿಯುವ ಛಾಯೆ. ಗಾಢ ನೇರಳೆ ಯಾರಾದರೂ ಮಾರಿದರೆ ವಿಕಿರಣ ಕೊಟ್ಟಿರುವ ಅನುಮಾನ ಇಟ್ಟುಕೊಳ್ಳಿ.

ಹೊಳಪು ಬಂದ ಬಾಟಲಿಗಳನ್ನು ನೋಡಲು ಜೋಡಿಸಿಡುವ ಕೆಲಸ ಉಜ್ಜುವುದಕ್ಕಿಂತ ಸುಲಭ. ಬೆಳಕು ಹಿಂದಿನಿಂದ ಬರಬೇಕು. ಎಲ್‌ಇಡಿ ಪಟ್ಟಿಗೂ ಬಾಟಲಿಗೂ ನಡುವೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಇಡದಿದ್ದರೆ ಬಲ್ಬಿನ ಚುಕ್ಕಿಗಳೇ ಕಾಣುತ್ತವೆ. ಹಳದಿ ಬೆಳಕಿಗೆ ಕಂದು ಬಾಟಲಿ ಜೇನಿನಂತೆ ಬೆಳಗುತ್ತದೆ, ಕೋಬಾಲ್ಟ್ ನೀಲಿ ಮಾತ್ರ ಸತ್ತುಹೋಗುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಇಡಲೇಬೇಡಿ. ತಳ ಮೊನಚಾದವುಗಳಿಗೆ ಹಲಗೆಯಲ್ಲಿ ತೂತು ಕೊರೆದು, ಅಂಚಿಗೆ ತೊಗಲಿನ ಪಟ್ಟಿ ಅಂಟಿಸಿದ್ದೇನೆ. ಹೂವು ಇಡುವುದಾದರೆ ಒಳಗೊಂದು ಪ್ರನಾಳ ಇಳಿಸಿ ಅದಕ್ಕೇ ನೀರು ಹಾಕಿ, ಇಲ್ಲದಿದ್ದರೆ ಐದು ದಿನ ಉಜ್ಜಿದ್ದರ ಮೇಲೆ ಮತ್ತೆ ಸುಣ್ಣದ ಗೆರೆ. ನೀರು ತುಂಬಿದ ಗುಂಡು ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು. ಅದು ಭೂತಗನ್ನಡಿಯಂತೆ ಬೆಳಕನ್ನು ಒಂದೆಡೆ ಕೂಡಿಸುತ್ತದೆ. ನನ್ನ ಕಿಟಕಿಯ ಚೌಕಟ್ಟಿನ ಮೇಲೆ ಬೆರಳಗಲದ ಕಪ್ಪು ಗೆರೆ ಇನ್ನೂ ಹಾಗೇ ಇದೆ.