ಬೆಣೆಲಿಪಿಯ ಒಂದು, ಹತ್ತು ಮಾಯವಾದಾಗ

ಯೇಲ್ ವಿಶ್ವವಿದ್ಯಾಲಯದಲ್ಲಿರುವ ವೈಬಿಸಿ 7289 ಎಂಬ ಪುರಾತನ ಬ್ಯಾಬಿಲೋನಿಯಾದ ಜೇಡಿಮಣ್ಣಿನ ಫಲಕದಲ್ಲಿ ಎರಡರ ವರ್ಗಮೂಲ ಬೆಣೆಲಿಪಿಯಲ್ಲಿ (ಕ್ಯೂನಿಫಾರ್ಮ್, ಬೆಣೆಯಾಕಾರದ ಗುರುತುಗಳ ಬರಹ), ಅರವತ್ತರ ಲೆಕ್ಕದಲ್ಲಿದೆ: 1, 24, 51, 10; ಅಂದರೆ 1 + 24/60 + 51/3600 + 10/216000. ಅದನ್ನು ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತಸಂಖ್ಯೆ ಕೊಡುವ ಮಾನದಂಡ) ಟೈಪ್ ಮಾಡಿದೆ; 24ಕ್ಕೆ 20 ಮತ್ತು 4ರ ಚಿಹ್ನೆ, 51ಕ್ಕೆ 50 ಮತ್ತು 1ರ ಚಿಹ್ನೆ. ನನ್ನ ಪೈಥಾನ್ ಕೋಡಿಗೆ ಕೊಟ್ಟರೆ ಹೊರಬಂದದ್ದು ಬರೀ 4 ಮತ್ತು 5. ಮೊದಲು ಫಾಂಟ್ ಮೇಲೆ ಅನುಮಾನ ಬಂತು. ಅದು ಸರಿಯಾಗೇ ಇತ್ತು.

2006ರ ಯೂನಿಕೋಡ್ 5.0ರಲ್ಲೇ ಬೆಣೆಲಿಪಿಯ ಅಂಕಿಗಳಿಗೆ ಹೆಕ್ಸ್ (ಹದಿನಾರರ ಲೆಕ್ಕದ ಸಂಕೇತಸಂಖ್ಯೆ) 12400ರಿಂದ ಪ್ರತ್ಯೇಕ ವಿಭಾಗ ಕೊಟ್ಟಿದ್ದಾರೆ. ಆದರೆ ಒಂದು, ಎರಡು, ಹತ್ತು ಅಲ್ಲಿಲ್ಲ! ಅವು ಮಾಮೂಲಿ ಬರಹದ ಚಿಹ್ನೆಗಳೂ ಹೌದಾದ್ದರಿಂದ ಮುಖ್ಯ ವಿಭಾಗದಲ್ಲೇ ಉಳಿದಿವೆ. ಒಂದಕ್ಕೆ ಬಳಸುವುದು 'ಡಿಶ್' ಚಿಹ್ನೆ, ಹೆಕ್ಸ್ 12079. ಯೂನಿಕೋಡ್ ಪಟ್ಟಿಯಲ್ಲಿ ಅದು ಬರೀ ಅಕ್ಷರ, ಸಂಖ್ಯಾಬೆಲೆಯಿಲ್ಲ. ಇಪ್ಪತ್ತು, ಮೂವತ್ತರ ಪಾಡೂ ಅದೇ.

ಹಾಗಾಗಿ ಈ ಐದಕ್ಕೆ ಕೈಯಾರೆ ಬೆಲೆಪಟ್ಟಿ ಬರೆದೆ. ಉಳಿದವಕ್ಕೆ ಯೂನಿಕೋಡ್ ಹೇಳಿದ ಬೆಲೆ; ಆದರೆ ನಲವತ್ತು, ಐವತ್ತರ ಚಿಹ್ನೆಗಳಿಗೆ ಅದು ಕೊಡುವುದು ಬರೀ 4, 5, ಹಾಗಾಗಿ ಅವನ್ನು ಹತ್ತರಿಂದ ಗುಣಿಸಿದೆ. ಈಗ ಸರಿಯಾಗಿ 1.41421296 ಬರುತ್ತಿದೆ.