ಹಳೆ ಡ್ರಮ್‌ಗೆ ಹೊಸ ಗ್ರೋಮೆಟ್: ಸಲಕರಣೆ ಆರಿಸುವುದು ಹೇಗೆ?

ಹಳೆ ಡ್ರಮ್‌ನ ಮೈಮೇಲೆ ಕಂಪನಿಯ ಬ್ಯಾಡ್ಜ್ ಇರುತ್ತದಲ್ವಾ, ಅದರ ನಡುವಿನ ತೂತಿಗೆ ತೊಡಿಸಿದ ಲೋಹದ ಬಳೆಯೇ ಗ್ರೋಮೆಟ್. ಬಾರಿಸಿದಾಗ ಒಳಗಿನ ಗಾಳಿ ಹೊರಬರುವುದು ಅಲ್ಲಿಂದ. ಬ್ಯಾಡ್ಜನ್ನು ಹಿಡಿದಿಡುವುದೂ ಅದೇ. ಅಮೆರಿಕದ ಡ್ರಮ್ ತಯಾರಕ ಲಡ್ವಿಗ್ ಕಂಪನಿ 1963ರ ಕೊನೆಯ ಹೊತ್ತಿಗೆ ಬ್ಯಾಡ್ಜ್ ಮೇಲೆ ಸೀರಿಯಲ್ ನಂಬರ್ ಒತ್ತಲು ಶುರುಮಾಡಿತು. ಡ್ರಮ್‌ನ ವಯಸ್ಸು ಅಂದಾಜಿಸಲು ಈಗಲೂ ಆ ನಂಬರ್ ನೋಡುತ್ತಾರೆ. ಅಂಥ ಬ್ಯಾಡ್ಜ್ ಮೇಲೆ ಡ್ರಿಲ್ ಬಿಟ್ಟಿನ ಗೀರು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ.

ಹಳೆ ಗ್ರೋಮೆಟ್ ತೆಗೆಯಲು ಡ್ರಿಲ್ ಬೇಡವೇ ಬೇಡ. ಡ್ರಿಲ್ ಬಿಟ್ ಕಚ್ಚಿಕೊಂಡ ಕೂಡಲೇ ಗ್ರೋಮೆಟ್ ತಿರುಗುತ್ತದೆ, ಜೊತೆಗೆ ಬ್ಯಾಡ್ಜೂ ತಿರುಗಿ ಕೆಳಗಿನ ಹೊದಿಕೆಯನ್ನು (ಮರದ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ) ಗೀರುತ್ತದೆ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಚೂಪು ಮೂತಿಯ ಇಕ್ಕಳ, ಒಂದು ಕಟರ್ ಸಾಕು. ಡ್ರಮ್‌ನ ಒಳಬದಿಯಿಂದ ಮಡಿಕೆಯಾದ ಅಂಚನ್ನು ಎಬ್ಬಿಸಿ, ನಾಲ್ಕೈದು ಕಡೆ ಕತ್ತರಿಸಿ, ತೂತಿನ ಕಡೆಗೆ ಮಡಚಿ. ಆಮೇಲೆ ಮರದ ಕಡ್ಡಿಯಿಂದ ಮೆಲ್ಲಗೆ ಹೊರಗೆ ತಳ್ಳಿ.

ಹೊಸದನ್ನು ಕೊಳ್ಳುವ ಮೊದಲು ವರ್ನಿಯರ್ ಕ್ಯಾಲಿಪರ್‌ನಿಂದ ತೂತಿನ ಅಗಲ ಅಳೆಯಿರಿ. ಮರ, ಹೊದಿಕೆ, ಬ್ಯಾಡ್ಜ್ ಮೂರೂ ಸೇರಿದ ದಪ್ಪವನ್ನೂ ಅಳೆಯಿರಿ. ಗ್ರೋಮೆಟ್‌ನ ಕೊಳವೆ ಅದಕ್ಕಿಂತ ಸುಮಾರು 3 ಮಿ.ಮೀ. ಉದ್ದ ಇರಲಿ. ಫ್ಲೆಕ್ಸ್ ಬ್ಯಾನರ್‌ಗೆ ಹಾಕುವ ರಿಂಗು ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದು ಬಟ್ಟೆಯ ದಪ್ಪಕ್ಕೆ ಮಾಡಿದ್ದು. ಮರ ದಾಟಿ ಆಚೆ ಬರುವುದೇ ಇಲ್ಲ. ಅದರ ಮೆಷಿನ್‌ಗೂ ದುಡ್ಡು ಹಾಕಬೇಡಿ.

ಜಾಸ್ತಿ ಜನ ಎಡವುವುದು ಡೈ ಆರಿಸುವಾಗ. ಡೈ ಅಂದರೆ ಗ್ರೋಮೆಟನ್ನು ಎರಡೂ ಬದಿಯಿಂದ ಒತ್ತಿ ಕೂರಿಸುವ ಲೋಹದ ಅಚ್ಚು. ಅದರಲ್ಲಿ ಎರಡು ತುಂಡು. ಹೊರಗಿನದು ಗ್ರೋಮೆಟ್‌ನ ತಲೆ ಕೂರುವ ಬಟ್ಟಲು. ಅದು ಚಪ್ಪಟೆಯಾಗಿದ್ದರೆ ತಲೆಯ ದುಂಡು ಹೋಗಿ, ಬಿಲ್ಲೆ ಥರ ಕಾಣುತ್ತದೆ. ಒಳಗಿನ ತುಂಡಿನ ನಡುವೆ ಕೊಳವೆಯೊಳಗೆ ಹೋಗುವ ಮೂತಿ ಇರಬೇಕು, ಅದರ ಸುತ್ತ ನುಣುಪಾದ ಗುಂಡಗಿನ ಕಾಲುವೆ ಇರಬೇಕು. ಅಂಚನ್ನು ಸುರುಳಿ ಸುತ್ತುವುದೇ ಆ ಕಾಲುವೆ. ಬರೀ ಶಂಕುವಿನಾಕಾರದ ಪಂಚ್ ಕೊಂಡರೆ ಕೊಳವೆ ಹೂವಿನ ಎಸಳಿನಂತೆ ಸೀಳುತ್ತದೆ. ಅಂಗಡಿಯಲ್ಲೇ ಕಾಲುವೆಯೊಳಗೆ ಉಗುರು ಆಡಿಸಿ. ಎಲ್ಲಾದರೂ ತಡೆದರೆ ವಾಪಸ್ ಕೊಡಿ. ಗ್ರೋಮೆಟ್, ಡೈ ಎರಡನ್ನೂ ಒಬ್ಬರ ಬಳಿಯೇ ಜೋಡಿಯಾಗಿ ತೆಗೆದುಕೊಳ್ಳಿ. ಅರ್ಧ ಮಿ.ಮೀ. ವ್ಯತ್ಯಾಸವಾದರೂ ಸುರುಳಿ ಸರಿಯಾಗಿ ಬರುವುದಿಲ್ಲ.

ಸುತ್ತಿಗೆಯಿಂದ ಹೊಡೆಯುವ ಡೈಗಿಂತ ಬೋಲ್ಟ್‌ನಿಂದ ಬಿಗಿಯುವ ಡೈಯನ್ನೇ ಕೊಳ್ಳಿ. 12 ಇಂಚಿನ ಟಾಮ್ (ಡ್ರಮ್ ಸೆಟ್‌ನ ಸಣ್ಣ ಡ್ರಮ್) ಒಳಗೆ ಸುತ್ತಿಗೆ ಬೀಸಲು ಜಾಗ ಎಲ್ಲಿದೆ? ಪೆಟ್ಟು ಓರೆಯಾಗಿ ಬೀಳುತ್ತದೆ. ಮುತ್ತಿನ ಹೊಳಪಿನ ಹಳೆಯ ಪರ್ಲ್ ಹೊದಿಕೆ ಪೆಡಸಾಗಿರುತ್ತದೆ, ಒಂದೇ ಏಟಿಗೆ ಬಿರುಕು ಬಿಡಬಹುದು. ಬೋಲ್ಟ್ ಡೈಗೆ ಸ್ಪ್ಯಾನರ್ ಆಡುವಷ್ಟು ಜಾಗ ಸಾಕು. ನಟ್ ಒಳಬದಿಗೆ ಬರಲಿ. ಅದರ ಕೆಳಗೆ ಗ್ರೀಸ್ ಹಚ್ಚಿದ ವಾಷರ್ ಹಾಕಿ, ಆಗ ಡೈ ತಿರುಗುವುದಿಲ್ಲ. ಹೊರಗಿನ ಬೋಲ್ಟ್ ತಲೆಯನ್ನು ಇನ್ನೊಂದು ಸ್ಪ್ಯಾನರ್‌ನಿಂದ ಅಲುಗದಂತೆ ಹಿಡಿದು, ಕಾಲು ಸುತ್ತು, ಕಾಲು ಸುತ್ತು ಬಿಗಿಯಿರಿ. ಪ್ರತಿ ಸಲ ಬ್ಯಾಡ್ಜ್ ನೆಟ್ಟಗಿದೆಯಾ ನೋಡಿ.

ಮೊದಲು ಅಷ್ಟೇ ದಪ್ಪದ ಪ್ಲೈವುಡ್ ತುಂಡಿನ ಮೇಲೆ ಎರಡು ಗ್ರೋಮೆಟ್ ಕೂರಿಸಿ ನೋಡಿ. ಅದಕ್ಕೇ ಎರಡು ಜಾಸ್ತಿ ತಂದಿಟ್ಟುಕೊಳ್ಳಿ.

ಬ್ಯಾಡ್ಜನ್ನು ಬೆರಳಿನಿಂದ ತಿರುಗಿಸಿ ನೋಡಿದಾಗ ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಬಿಗಿಯಲು ಹೋದರೆ ಬ್ಯಾಡ್ಜ್ ತಗ್ಗಾಗುತ್ತದೆ.